ಅಬ್ಬಕ್ಕನಿಗೆ ಎಷ್ಟು ವಯಸ್ಸು?

ಆ ಭಾನುವಾರ ನಾನು ಸರಿ ಮಾಡಲು ಕೂತದ್ದು ಬರೀ ಒಂದು ಅಂಚೆ ಚೀಟಿಯ ವಿಷಯ. ಯಾರು ಬೇಕಾದರೂ ತಿದ್ದಬಹುದಾದ ಆನ್‌ಲೈನ್ ವಿಶ್ವಕೋಶವೊಂದಕ್ಕೆ ನಾನು ಬಿಡುವಾದಾಗ ಬರೆಯುತ್ತೇನೆ. ಸಂಬಳ ಇಲ್ಲ, ಸಾಹಿತಿ ಅಂತ ಯಾರೂ ಕರೆಯುವುದೂ ಇಲ್ಲ. ಅಲ್ಲಿ ಉಳ್ಳಾಲದ ರಾಣಿ ಅಬ್ಬಕ್ಕನ ಲೇಖನದಲ್ಲಿ 2003ರಲ್ಲಿ ಅವಳ ಅಂಚೆ ಚೀಟಿ ಬಂತು ಎಂದಿತ್ತು. 2003ರಲ್ಲಿ ಬಂದದ್ದು ವಿಶೇಷ ಲಕೋಟೆ. ಚೀಟಿ ಬಂದದ್ದು 2023ರ ಡಿಸೆಂಬರಿನಲ್ಲಿ. ತಿದ್ದಲು ಎರಡು ನಿಮಿಷ ಸಾಕು. ಮೀನಿನ ಗಾಡಿ ಬರುವ ಹೊತ್ತಿಗೆ ಏಳಬಹುದು ಅಂದುಕೊಂಡಿದ್ದೆ.

ಏಳಲಿಲ್ಲ. ಕಣ್ಣು ಸುಮ್ನೆ ಮೇಲಿನ ಪ್ಯಾರಾಕ್ಕೆ ಹೋಯಿತು.

ಅಲ್ಲಿ ಅಬ್ಬಕ್ಕ 1555ರಲ್ಲಿ ಪೋರ್ಚುಗೀಸರನ್ನು ಎದುರಿಸುತ್ತಾಳೆ. 1568ರಲ್ಲಿ ಮತ್ತೆ ಎದುರಿಸುತ್ತಾಳೆ. 1570ರ ಸುಮಾರಿಗೆ ಸೆರೆಸಿಕ್ಕು ಅಲ್ಲೇ ತೀರಿಕೊಳ್ಳುತ್ತಾಳೆ. ಎರಡು ಪ್ಯಾರಾ ಕೆಳಗೆ, 1623ರಲ್ಲಿ ಪಿಯೆತ್ರೊ ಡೆಲ್ಲಾ ವಲ್ಲೆ ಎಂಬ ಇಟಲಿಯ ಪ್ರವಾಸಿ ಅವಳನ್ನು ಭೇಟಿಯಾಗುತ್ತಾನೆ. ತೀರಿಕೊಂಡು 50 ವರ್ಷ ಕಳೆದ ಮೇಲೆ! ಈ ಲೇಖನವನ್ನು ನಾನೇ ಎಷ್ಟು ಸಲ ಓದಿದ್ದೇನೋ. ಒಮ್ಮೆಯೂ ಲೆಕ್ಕ ಹಾಕಿರಲಿಲ್ಲ.

ಅಬ್ಬಕ್ಕ ನಮ್ಮ ಊರಿನವಳು ಎಂಬ ಸಲಿಗೆ ಬೇರೆ. ಮಂಗಳೂರಿನಿಂದ ನೇತ್ರಾವತಿ ಸೇತುವೆ ದಾಟಿದರೆ ಉಳ್ಳಾಲ. ಅಲ್ಲಿ ಅವಳ ಪ್ರತಿಮೆ ಇದೆ, ವರ್ಷವರ್ಷ ಉತ್ಸವ ನಡೆಯುತ್ತದೆ. 2012ರಲ್ಲಿ ಕೋಸ್ಟ್ ಗಾರ್ಡಿಗೆ ಸೇರಿದ ಹಡಗಿಗೂ ಅವಳದೇ ಹೆಸರು. ಇಷ್ಟೆಲ್ಲ ಇರುವವಳ ಬಗ್ಗೆ ಯಾರೋ ಎಲ್ಲವನ್ನೂ ನೋಡಿಯೇ ಬರೆದಿರುತ್ತಾರೆ ಎಂದು ನಂಬಿಕೊಂಡಿದ್ದೆ.

ಸೆರೆಮನೆಯ ಸಾಲಿಗೆ ಮೂರು ಅಡಿಟಿಪ್ಪಣಿ ಇದ್ದವು. ಮೊದಲನೆಯ ಲಿಂಕ್ ಸತ್ತಿತ್ತು. ಎರಡನೆಯದು ಒಂದು ಪತ್ರಿಕೆಯ ಭಾನುವಾರದ ಪುರವಣಿ ಲೇಖನ. ಮೂರನೆಯದು ಇನ್ನೊಂದು ಪತ್ರಿಕೆಯದು, ಆದರೆ ವಾಕ್ಯ ಅದೇ. ಅದೇ ಅಂದರೆ ತಪ್ಪು ಕಾಗುಣಿತದ ಸಮೇತ ಅದೇ. ಅನುಮಾನ ಬಂದು ವಿಶ್ವಕೋಶದ ಪುಟದ ಇತಿಹಾಸ ತೆಗೆದೆ. ಯಾರು, ಯಾವಾಗ, ಏನು ಸೇರಿಸಿದರು ಎಂಬುದು ಅಲ್ಲಿ ದಾಖಲಾಗಿರುತ್ತದೆ. ಆ ಸಾಲು ಆಧಾರವಿಲ್ಲದೆ ಮೊದಲು ನಮ್ಮಲ್ಲಿ ಬಂದಿತ್ತು. ನಾಲ್ಕು ತಿಂಗಳ ನಂತರ ಪತ್ರಿಕೆಯಲ್ಲಿ ಬಂತು. ಆಮೇಲೆ ಯಾರೋ ಪುಣ್ಯಾತ್ಮರು ಪತ್ರಿಕೆಯನ್ನೇ ಆಧಾರ ಎಂದು ತಂದು ಅಂಟಿಸಿದರು. ನಾವು ಹೇಳಿದ್ದನ್ನು ಅವರು ಬರೆದರು, ಅವರು ಬರೆದದ್ದನ್ನು ತೋರಿಸಿ ನಾವು ನಿಜ ಎಂದೆವು. ಚೆನ್ನಾಗಿದೆ ಅಲ್ವಾ?

ಆಮೇಲೆ ಹಟ ಹಿಡಿಯಿತು. ಡೆಲ್ಲಾ ವಲ್ಲೆಯನ್ನೇ ಓದಿಬಿಡುವ ಎಂದು ಹೊರಟೆ. ಅವನ ಭಾರತದ ಪತ್ರಗಳ ಇಂಗ್ಲಿಷ್ ಅನುವಾದವನ್ನು ಹಕ್ಲ್ಯೂಟ್ ಸೊಸೈಟಿ 1892ರಲ್ಲಿ ಎರಡು ಸಂಪುಟಗಳಲ್ಲಿ ಅಚ್ಚು ಹಾಕಿದೆ. ಇಂಟರ್ನೆಟ್ ಆರ್ಕೈವಿನಲ್ಲಿ ಪುಕ್ಕಟೆ ಸಿಗುತ್ತದೆ. ಹುಡುಕುವ ಜಾಗದಲ್ಲಿ ಅಬ್ಬಕ್ಕ ಎಂದು ಟೈಪ್ ಮಾಡಿದೆ. ಸೊನ್ನೆ. ಕಾಗುಣಿತ ಬದಲಿಸಿ ಇನ್ನೆರಡು ಸಲ ನೋಡಿದೆ. ಸೊನ್ನೆ. ಉಳ್ಳಾಲ ಎಂದು ಹಾಕಿದರೂ ಇಲ್ಲ. ಹಾಗಾದರೆ ಈ ಭೇಟಿಯೂ ಕಟ್ಟುಕತೆಯಾ ಎಂದು ಒಂದು ಕ್ಷಣ ಎದೆ ಧಸಕ್ಕೆಂದಿತು.

ಮತ್ತೆ ಹೊಳೆಯಿತು. 400 ವರ್ಷದ ಹಿಂದಿನ ರೋಮಿನವನು ಉಳ್ಳಾಲವನ್ನು ನಮ್ಮ ಬಸ್ಸಿನ ಬೋರ್ಡು ನೋಡಿ ಬರೆದಿರುತ್ತಾನಾ? ಪುಟ ಮಗುಚುತ್ತಾ ಹೋದೆ. ಸಿಕ್ಕಿತು. ಅವನ ಬಾಯಲ್ಲಿ ಅದು ಓಲಾಲ. ರಾಣಿಯ ಗಂಡ ಬಂಗರಾಜ, ಹೆಂಡತಿಯನ್ನು ತೊರೆದವನಲ್ಲ, ಹೆಂಡತಿಯೇ ತೊರೆದವನು, ಡೆಲ್ಲಾ ವಲ್ಲೆಯ ಬಾಯಲ್ಲಿ ಬಂಘೆಲ್. ಗಂಡ ಕೊಟ್ಟ ಒಡವೆಗಳನ್ನು ವಾಪಸು ಕಳಿಸಿ ರಾಣಿ ಸಂಬಂಧ ಕಡಿದುಕೊಂಡಳಂತೆ. ಇಕ್ಕೇರಿಯ ಅರಸ ವೆಂಕಟಪ್ಪ ನಾಯಕನ ಹೆಸರನ್ನೂ ನಾಲಿಗೆ ಹೊರಳಿದ ಹಾಗೆ ಬರೆದಿದ್ದಾನೆ. ಒಂದು ಕಡೆ ರಾಣಿಯ ಹೆಸರು ಬಿಡಿಸಿ ಹೇಳುತ್ತಾನೆ: ಅಬಗ್ ದೇವಿ. ಹಿಂದೆ ಮನೆತನದ ಹೆಸರು, ಚೌಟ ಎನ್ನುವುದು ಅವನ ಕಿವಿಗೆ ಹೇಗೆ ಬಿತ್ತೋ ಹಾಗೆ. ಅಬಗ್! ನಾನು ಅದನ್ನು ಗಟ್ಟಿಯಾಗಿ ನಾಲ್ಕು ಸಲ ಹೇಳಿದೆ. ವೇಗವಾಗಿ ಹೇಳಿದರೆ ಅಬ್ಬಕ್ಕ ಕೇಳಿಸುತ್ತದೆ.

ಈ ಮನುಷ್ಯನೂ ಸಾಮಾನ್ಯನಲ್ಲ. 1614ರಲ್ಲಿ ವೆನಿಸ್ ಬಿಟ್ಟವನು ತುರ್ಕಿ, ಈಜಿಪ್ಟ್, ಪರ್ಷಿಯ ತಿರುಗಿ ಇಲ್ಲಿಗೆ ಬಂದ. ಬಾಗ್ದಾದಿನಲ್ಲಿ ಮದುವೆಯಾದ ಮಾನಿ ಎಂಬ ಹೆಂಡತಿ ಹೋರ್ಮುಜ್ ಹತ್ತಿರ ತೀರಿಕೊಂಡಾಗ ಅವಳ ದೇಹವನ್ನು ಕೆಡದಂತೆ ಮಾಡಿಸಿ ಪೆಟ್ಟಿಗೆಯಲ್ಲಿ ಊರೂರು ಸಾಗಿಸಿದ. ಕೊನೆಗೆ 1627ರಲ್ಲಿ ರೋಮಿನಲ್ಲಿ ಮಣ್ಣು ಮಾಡಿದ. ನಾನು ಅದನ್ನು ಓದುತ್ತಾ ಮುಕ್ಕಾಲು ಗಂಟೆ ಕಳೆದೆ. ಅಬ್ಬಕ್ಕನಿಗೂ ಅದಕ್ಕೂ ಸಂಬಂಧವಿಲ್ಲ. ಆದರೆ ಬಿಡಲಾಗಲಿಲ್ಲ.

ರಾಣಿಯನ್ನು ಅವನು ಕಂಡದ್ದು ಉಳ್ಳಾಲದಲ್ಲಿ ಅಲ್ಲ, ಮಣೇಲ್‌ನಲ್ಲಿ. ಗುರುಪುರ ಹೊಳೆಯ ಆಚೆ, ಮಳಲಿ ಹತ್ತಿರ ಈಗಲೂ ಮಣೇಲ್ ಇದೆ. ಅರಮನೆಯಲ್ಲಿ ಕಂಡದ್ದೂ ಅಲ್ಲ, ದಾರಿಯಲ್ಲಿ. ನೀರಿಗಾಗಿ ತೋಡಿಸುತ್ತಿದ್ದ ಕಾಲುವೆಯ ಕೆಲಸ ನೋಡಲು ಹೊರಟಿದ್ದಳು. ನಡೆದೇ ಬರುತ್ತಿದ್ದಳು. ಬರಿಗಾಲು. ಮುಂದೆ ಕೆಲವರು ಆಳುಗಳು, ತಲೆಯ ಮೇಲೆ ತಾಳೆಗರಿಯ ಕೊಡೆ. ಕಪ್ಪು ಬಣ್ಣ, ದಪ್ಪ ಮೈ, ಆದರೂ ಚುರುಕು ನಡಿಗೆ. ರಾಣಿಗಿಂತ ಅಡುಗೆಮನೆಯ ಕೆಲಸದವಳ ಹಾಗೆ, ಬಟ್ಟೆ ಒಗೆಯುವವಳ ಹಾಗೆ ಕಂಡಳು ಎಂದು ಬರೆಯುತ್ತಾನೆ. ಮಾತು ಶುರುವಾದ ಮೇಲೆ ಮಾತ್ರ ಅವಳ ಬುದ್ಧಿಯನ್ನು ಒಪ್ಪಿಕೊಳ್ಳುತ್ತಾನೆ.

ನಾನು ಹುಡುಕುತ್ತಿದ್ದ ಸಾಲೂ ಅಲ್ಲೇ ಇತ್ತು. ವಯಸ್ಸು ಸುಮಾರು 40 ಇರಬಹುದು, ಪೋರ್ಚುಗೀಸರು ಮಾತ್ರ ಇದಕ್ಕಿಂತ ಎಷ್ಟೋ ಹೆಚ್ಚು ಎಂದಿದ್ದರು ಎನ್ನುತ್ತಾನೆ.

ಪೆನ್ನು ತೆಗೆದು ಹಾಲಿನ ಬಿಲ್ಲಿನ ಹಿಂದೆ ಲೆಕ್ಕ ಹಾಕಿದೆ. 1555ರಲ್ಲಿ ರಾಣಿಗೆ 25 ಎಂದು ಹಿಡಿದರೂ 1623ಕ್ಕೆ 93. ಬಿಸಿಲಲ್ಲಿ ಚುರುಕಾಗಿ ನಡೆದು ಕಾಲುವೆ ಮಾಡಿಸುವ 93ರ ಅಜ್ಜಿಯನ್ನು 40 ಎಂದು ಯಾರೂ ಹೇಳಲಾರರು. ಚೌಟರದು ಅಳಿಯಸಂತಾನ. ಪಟ್ಟ ಹೆಣ್ಣಿನ ಕಡೆಯಿಂದ ಇಳಿಯುತ್ತದೆ. ನಮ್ಮ ಕಡೆ ಅಜ್ಜಿಯ ಹೆಸರನ್ನು ಮೊಮ್ಮಗಳಿಗೆ ಇಡುವುದು ಇಂದಿಗೂ ಇದೆ. ಒಂದೇ ಹೆಸರಿನ ಇಬ್ಬರೋ ಮೂವರೋ ರಾಣಿಯರನ್ನು ನಾವು ಒಬ್ಬಳಾಗಿ ಹೊಲಿದುಬಿಟ್ಟಿದ್ದೇವೆ ಎಂದೇ ನನಗೆ ಅನಿಸಿತು. ಅವಳನ್ನು ಮುದುಕಿ ಎಂದ ಪೋರ್ಚುಗೀಸರೂ ಬಹುಶಃ ಅದೇ ಗೊಂದಲದಲ್ಲಿದ್ದರು.

ಖುಷಿಯಿಂದ ಬರೆದೂಬಿಟ್ಟೆ. ಹತ್ತು ನಿಮಿಷದಲ್ಲಿ ಫೋನ್ ಬಂತು. ನನ್ನ ಜೊತೆ ತಿದ್ದುವ ಹುಡುಗಿ, ನನಗಿಂತ ಚಿಕ್ಕವಳು, ನನಗಿಂತ ಶಿಸ್ತು.

"ಅಕ್ಕ, ಇದು ನಿಮ್ಮ ಊಹೆ ಅಲ್ವಾ?"

"ಊಹೆ ಎಂತದು ಮಾರಾಯ್ತಿ, ಲೆಕ್ಕ!"

"ಲೆಕ್ಕ ಹಾಕಿದ್ದು ನೀವು ತಾನೇ? ಯಾರಾದ್ರೂ ಇತಿಹಾಸಕಾರರು ಹಾಕಿದ್ದು ತೋರಿಸಿ, ಇಡುವ."

ಅವಳು ಹೇಳಿದ್ದು ಸರಿಯೇ. ಸ್ವಂತ ಸಂಶೋಧನೆ ವಿಶ್ವಕೋಶದೊಳಗೆ ಬರುವ ಹಾಗಿಲ್ಲ. ಬೇರೆಯವರು ಬರೆದಾಗ ಈ ನಿಯಮವನ್ನು ನಾನೇ ಎಷ್ಟು ಜನರ ಮುಖಕ್ಕೆ ಹಿಡಿದಿದ್ದೇನೆ. ನನ್ನ ಮುಖಕ್ಕೆ ಬಂದಾಗ ಮಾತ್ರ ಅದು ಮೂರ್ಖ ನಿಯಮ ಎನಿಸಿತು. ಫೋನಿನಲ್ಲೇ ಅರ್ಧ ಗಂಟೆ ಜಗಳವಾಡಿ ಒಂದು ದಾರಿ ಮಾಡಿಕೊಂಡೆವು. ಇಬ್ಬರು ರಾಣಿಯರು ಎಂಬ ನನ್ನ ಮಾತು ಹೋಯಿತು. ಯುದ್ಧದ ವರ್ಷಗಳು ಹಾಗೇ ಉಳಿದವು. 1623ರ ಭೇಟಿ, ಸುಮಾರು 40 ಎಂಬ ಅಂದಾಜು, ಎರಡೂ ಡೆಲ್ಲಾ ವಲ್ಲೆಯ ಹೆಸರಿನಲ್ಲೇ ಪುಟಸಂಖ್ಯೆಯ ಸಮೇತ ಬಂದವು. ಕೂಡಿ ಕಳೆಯುವ ಕೆಲಸ ಓದುವವರಿಗೆ. ಸೆರೆಮನೆಯ ಸಾಲಿನ ಪಕ್ಕ 'ಸಾಕ್ಷ್ಯಾಧಾರ ಬೇಕಾಗಿದೆ' ಎಂಬ ಚೀಟಿ ಬಿತ್ತು.

ಆ ಅಡುಗೆಮನೆ ಕೆಲಸದವಳ ಮಾತನ್ನು ಇಡಬೇಕಾ ಬೇಡವಾ ಎಂಬಲ್ಲಿ ಮಾತ್ರ ಸಿಕ್ಕಿಕೊಂಡೆವು. "ನಮ್ಮ ರಾಣಿಗೆ ಅವಮಾನ ಅಂತ ಯಾರಾದ್ರೂ ಅಳಿಸ್ತಾರೆ ಅಕ್ಕ," ಎಂದಳು. ನನಗೂ ಅದು ಚುಚ್ಚಿತ್ತು. ಅವಳ ಬಣ್ಣದ ಬಗ್ಗೆ, ಮೈಯ ಬಗ್ಗೆ ಅವನು ಆಡಿದ್ದು ಅಹಂಕಾರದ ಮಾತು. ಆದರೆ ಅದೇ ಪುಟದಲ್ಲಿ ಕಾಲುವೆ ಇದೆ, ತಾಳೆಗರಿಯ ಕೊಡೆ ಇದೆ, ಬರಿಗಾಲು ಇದೆ. ಕತ್ತಿ ಹಿಡಿದು ನಿಂತ ಅಬ್ಬಕ್ಕನನ್ನು ಎಲ್ಲ ಕಡೆ ನೋಡಿದ್ದೆ. ಕಣ್ಣಾರೆ ಕಂಡವನೊಬ್ಬ ಬರೆದ ಅಬ್ಬಕ್ಕನನ್ನು ನಾನು ಓದಿದ್ದು ಇದೇ ಮೊದಲು. ಇಟ್ಟೆ.

ಅಷ್ಟು ಹೊತ್ತಿಗೆ ಮೀನಿನ ಗಾಡಿ ಬಂದು ಹೋಗಿ ಮೂರು ಗಂಟೆ ಆಗಿತ್ತು. ದೊಡ್ಡಮ್ಮ ಜಗಲಿಯಲ್ಲಿ ಕೂತು ತೆಂಗಿನ ಗರಿ ಸೀಳಿ ಹಿಡಿಸೂಡಿಗೆ ಕಡ್ಡಿ ಮಾಡುತ್ತಿದ್ದರು. 40 ವರ್ಷ ಗದ್ದೆ ಮಾಡಿಸಿದವರು. ಊಟಕ್ಕೂ ಏಳದೆ ಎಂತ ಓದಿದ್ದು ಎಂದು ಕೇಳಿದರು. ಹೇಳಿದೆ. ಒಗೆಯುವವಳ ಹಾಗೆ ಕಂಡಳಂತೆ ಎಂಬಲ್ಲಿಗೆ ಬಂದಾಗ ಅವರ ಕತ್ತಿ ನಿಂತಿತು.

"ಅಲ್ಲ ಮಾರಾಯ್ತಿ, ತೋಡಿನ ಕೆಲಸಕ್ಕೆ ಹೊರಟವಳು ಪಟ್ಟೆಸೀರೆ ಉಟ್ಟು ಹೋಗ್ತಾಳಾ? ಅವ ಬರುವ ಮೊದಲು ಹೇಳಿ ಕಳಿಸಿದ್ನಾ?"

"ಇಲ್ಲ, ದಾರಿಯಲ್ಲಿ ಸಿಕ್ಕಿದ್ದು."

"ಮತ್ತೆ!" ಎಂದು ಇನ್ನೊಂದು ಗರಿ ಎಳೆದುಕೊಂಡರು. ಸ್ವಲ್ಪ ಹೊತ್ತು ಬಿಟ್ಟು, ತಲೆ ಎತ್ತದೆ ಕೇಳಿದರು.

"ಆ ತೋಡಿಗೆ ಆಮೇಲೆ ನೀರು ಬಂತಂತಾ?"