ನಿವೃತ್ತಿಗೊಂದು ಡೈವ್ ವಾಚ್

ನಿವೃತ್ತಿಯ ಗುರುತಾಗಿ ಕೈಗೆ ಕಟ್ಟಿಕೊಳ್ಳಲು ಒಂದು ಉತ್ತಮ ಡೈವ್ ವಾಚನ್ನು, ಅಂದರೆ ನೀರಿನಾಳಕ್ಕೆ ಮುಳುಗುವವರಿಗಾಗಿ ರಚಿಸಿದ ಕೈಗಡಿಯಾರವನ್ನು, ಕೊಳ್ಳಬೇಕೆಂದು ನಿಶ್ಚಯಿಸಿದ ಮೇಲೆ, ರೋಲೆಕ್ಸ್ ಸಬ್‌ಮರೀನರ್, ಒಮೆಗಾ ಸೀಮಾಸ್ಟರ್ ಮತ್ತು ಟ್ಯೂಡರ್ ಪೆಲಾಗೋಸ್ 39 ಎಂಬ ಮೂರರ ನಡುವೆ ನನ್ನ ಆಯ್ಕೆ ಬಹಳ ದಿನ ತೂಗಾಡಿತು. ಸಬ್‌ಮರೀನರ್‌ಗೆ 1953ರಿಂದ ಬಂದ ಪರಂಪರೆಯಿದೆ. ಆದರೆ ಅದನ್ನು ಧರಿಸುವವರಲ್ಲಿ ಅನೇಕರು, ನನ್ನಂತೆಯೇ, ಈಜುಕೊಳಕ್ಕಿಂತ ಆಳದ ನೀರಿಗೆ ಇಳಿಯುವವರಲ್ಲ.

ಹಾಗಿದ್ದರೂ ಈ ಗಡಿಯಾರಗಳ ರಚನೆಯ ಹಿಂದಿರುವ ವಿವೇಕ ನನಗೆ ಮೆಚ್ಚುಗೆ. ಮುಳುಗುವ ಮುನ್ನ ಬೆಜೆಲ್‌ನ, ಅಂದರೆ ಮುಖದ ಸುತ್ತಲಿನ ತಿರುಗುವ ಉಂಗುರದ, ಗುರುತನ್ನು ನಿಮಿಷದ ಮುಳ್ಳಿಗೆ ಹೊಂದಿಸಿದರೆ ನೀರಿನೊಳಗೆ ಕಳೆದ ಸಮಯ ತಿಳಿಯುತ್ತದೆ. ಈ ಉಂಗುರ ಅಪ್ರದಕ್ಷಿಣವಾಗಿ ಮಾತ್ರ ತಿರುಗುವುದರಿಂದ, ಆಕಸ್ಮಿಕವಾಗಿ ಸರಿದರೂ ಕಳೆದ ಸಮಯವನ್ನು ಹೆಚ್ಚಾಗಿ ತೋರಿಸುತ್ತದೆಯೇ ಹೊರತು ಕಡಿಮೆಯಾಗಿ ಅಲ್ಲ. ಡೈವ್ ವಾಚ್‌ಗಳ ಮಾನದಂಡವಾದ ಐಎಸ್‌ಒ 6425 ಕನಿಷ್ಠ 100 ಮೀಟರ್ ಆಳದ ಜಲನಿರೋಧಕ ಶಕ್ತಿಯನ್ನು ಬಯಸುತ್ತದೆ. ಸಬ್‌ಮರೀನರ್ 300 ಮೀಟರಿಗೂ ಪೆಲಾಗೋಸ್ 39 ಗಡಿಯಾರ 200 ಮೀಟರಿಗೂ ಸಮರ್ಥವಾಗಿವೆ. ಆದರೆ ನೀರು ಒಳನುಗ್ಗದಂತೆ ತಡೆಯುವ ರಬ್ಬರ್ ಗ್ಯಾಸ್ಕೆಟ್‌ಗಳು ಕಾಲಕ್ರಮೇಣ ಸವೆಯುವುದರಿಂದ ಈ ಸಂಖ್ಯೆಗಳನ್ನು ಶಾಶ್ವತವೆಂದು ನಂಬಬಾರದು.

ಕೊನೆಗೆ ನಾನು ಪೆಲಾಗೋಸ್ 39 ಅನ್ನೇ ಆರಿಸಿಕೊಂಡೆ. ಅದರ ಟೈಟಾನಿಯಂ ಕವಚ ಉಕ್ಕಿಗಿಂತ ಹಗುರವಾಗಿದ್ದು ಮಣಿಕಟ್ಟಿಗೆ ಭಾರವೆನಿಸುವುದಿಲ್ಲ, ಅಂಕಿಗಳ ಗೊಂದಲವಿಲ್ಲದ ಮುಖವು ಕನ್ನಡಕವಿಲ್ಲದೆಯೂ ಓದಿಗೆ ಸಿಗುತ್ತದೆ, ಮತ್ತು ಅದರಲ್ಲಿ ತಾರೀಖಿನ ಕಿಂಡಿಯಿಲ್ಲ. ಇನ್ನು ಮುಂದೆ ನನಗೆ ಅದರ ಅಗತ್ಯವೂ ಅಷ್ಟಾಗಿ ಇರಲಾರದು.