ತಾತನ ಅಕ್ಷರ

ಹೋದ ತಿಂಗಳ ಒಂದು ಶನಿವಾರ ಇಲ್ಲಿ ಅಮೆರಿಕದ ಹೆದ್ದಾರಿಯಲ್ಲಿ ಹೋಗುತ್ತಿದ್ದೆವು. ಗಾಡಿ ಗಂಟೆಗೆ 60 ಮೈಲಿ ವೇಗದಲ್ಲಿತ್ತು. ಹಿಂದಿನ ಸೀಟಿನಲ್ಲಿ ಎಂಟು ವರ್ಷದ ಮಗಳು ತೊಡೆಯ ಮೇಲೆ ಪುಸ್ತಕವಿಟ್ಟುಕೊಂಡು ಊರಿನ ತಾತನಿಗೆ ಕಾಗದ ಬರೆಯುತ್ತಿದ್ದಳು. ಸ್ವಲ್ಪ ಹೊತ್ತು ಬರೆದು, ಹಾಳೆಯನ್ನು ಕಣ್ಣೆದುರು ಹಿಡಿದು ನೋಡಿ, ‘ಅಪ್ಪಾ, ಈ ಕಾರಲ್ಲಿ ಬರೆದ್ರೆ ನನ್ನ ಅಕ್ಷರಾನೂ ತಾತನ ಅಕ್ಷರ ಆಗ್ಬಿಡುತ್ತೆ’ ಅಂದಳು.

ಅವಳಿಗೆ ಅದು ಬರೀ ಒಂದು ಸೋಜಿಗ. ನನಗೆ ಮುಂದಿನ ಹತ್ತು ಮೈಲಿ ಮಾತೇ ಹೊರಡಲಿಲ್ಲ. ಅಪ್ಪ ಅವಳ ಹುಟ್ಟುಹಬ್ಬಕ್ಕೆ ಬರೆದು ಕಳಿಸಿದ್ದ ನಾಲ್ಕು ಸಾಲು ಅವಳ ಮೇಜಿನ ಮೇಲಿನ ಗೋಡೆಯಲ್ಲಿ ಅಂಟಿಕೊಂಡಿದೆ. ದಿನಾ ನೋಡುತ್ತೇನೆ. ಆ ಅಕ್ಷರಗಳು ಅಲೆಯಲೆಯಾಗಿವೆ, ‘ಳ’ದ ಸುತ್ತು ಮೂರು ಕಡೆ ಮುರಿದಿದೆ. ನಾನು ಅದನ್ನು ಓದಿದ್ದೆನೇ ಹೊರತು ನೋಡಿರಲಿಲ್ಲ.

ಗಾಡಿಯ ಅದುರಾಟ ಮಾತ್ರ ನನಗೆ ಚೆನ್ನಾಗಿ ಗೊತ್ತಿತ್ತು. ಕಳೆದ ಚಳಿಗಾಲಕ್ಕೆ ಮುಂಚೆ ಕೊಂಡ ಹಳೆಯ ಎಸ್‌ಯುವಿ ಅದು. ಲಾರಿಯ ಹಾಗೆ ಉದ್ದದ ಚಾಸಿಯ ಮೇಲೆ ಬಾಡಿ ಕೂರಿಸಿದ ಗಟ್ಟಿಮುಟ್ಟು ಗಾಡಿ. ಕೊಂಡಾಗ ಮೀಟರಿನಲ್ಲಿ 1,82,000 ಮೈಲಿ ಇತ್ತು, ನಮ್ಮ ಲೆಕ್ಕದಲ್ಲಿ ಸುಮಾರು 2,93,000 ಕಿಲೋಮೀಟರ್. ಎಂಜಿನ್ ನಿಶ್ಶಬ್ದ, ಗೇರು ನುಣುಪು. ಆದರೆ ಚಿಕ್ಕ ಹಳ್ಳ ಸಿಕ್ಕಿದರೂ ಬೆನ್ನುಮೂಳೆಗೆ ತಾಕುವಂತೆ ಎತ್ತಿ ಹಾಕುತ್ತಿತ್ತು. ಹೆದ್ದಾರಿಗೆ ಬಂದರೆ ಸ್ಟೀರಿಂಗ್ ನಡುಗುತ್ತಿತ್ತು, ನೆಲ ಗುಂಯ್‌ಗುಡುತ್ತಿತ್ತು.

ತೋರಿಸಿದ ಗ್ಯಾರೇಜಿನಲ್ಲಿ ನಾಲ್ಕೂ ಶಾಕ್ ಅಬ್ಸಾರ್ಬರ್ ಬದಲಿಸಿದರು, ಹಿಂದಿನ ಗಾಲಿಗಳನ್ನು ಚಾಸಿಗೆ ಜೋಡಿಸುವ ಆರ್ಮ್‌ಗಳಿಗೆ ಹೊಸ ರಬ್ಬರ್ ಬುಶ್ ಹಾಕಿದರು. ಗಾಡಿ ಮೊದಲಿಗಿಂತ ಬಿಗಿಯಾಯಿತು, ಅದುರಾಟ ಹಾಗೇ ಉಳಿಯಿತು. ಮತ್ತೆ ಹೋಗಿ ಕೇಳಿದ್ದಕ್ಕೆ ಅಲ್ಲಿದ್ದಾತ ಮೀಟರ್ ನೋಡಿ, ಇಷ್ಟು ಓಡಿದ ಮೇಲೆ ಹೀಗೇ ಇರುತ್ತದೆ ಎಂದ. ಒಪ್ಪಿಕೊಂಡು ಮನೆಗೆ ಬಂದೆ. ಆ ಮಾತನ್ನು ಅಷ್ಟು ಸುಲಭವಾಗಿ ಒಪ್ಪಿಕೊಂಡಿದ್ದು ಈಗಲೂ ನನ್ನನ್ನು ಕೊರೆಯುತ್ತದೆ.

ಅಪ್ಪ ಮೂವತ್ತೊಂದು ವರ್ಷ ಸರ್ಕಾರಿ ಜೀಪು ಓಡಿಸಿದವರು. ಅವರ ಮಗನಾಗಿ ನಾನು ಗಾಡಿ ವಿಷಯವನ್ನು ಅವರ ಹತ್ತಿರ ಒಮ್ಮೆಯೂ ಎತ್ತಿರಲಿಲ್ಲ. ಇಲ್ಲಿಯ ಗಾಡಿ, ಇಲ್ಲಿಯ ರಸ್ತೆ, ಅವರಿಗೇನು ಗೊತ್ತಾಗುತ್ತದೆ ಎಂಬ ಭಾವನೆ ಒಳಗೆಲ್ಲೋ ಇತ್ತು. ಆ ಶನಿವಾರ ರಾತ್ರಿ, ಅವರಿಗೆ ಬೆಳಗಾಗುವ ಹೊತ್ತಿಗೆ, ವಿಡಿಯೊ ಕರೆ ಮಾಡಿ ಹೇಳಿದೆ. ಅವರು ಎದ್ದು ಕೂತರು. ಯಾವ ಕಂಪನಿಯ ಗಾಡಿ, ಎಷ್ಟು ಕೊಟ್ಟೆ ಎಂದು ಯಾವುದೂ ಕೇಳಲಿಲ್ಲ.

‘ಯಾವ ಸ್ಪೀಡಲ್ಲಿ ಶುರುವಾಗುತ್ತೆ ಮಗಾ?’

‘ಐವತ್ತೈದು ಮೈಲಿ ಹತ್ರ.’

‘ಎಪ್ಪತ್ತಕ್ಕೆ ಹೋದ್ರೆ ಹೆಚ್ಚಾಗುತ್ತೋ ಕಡಿಮೆಯಾಗುತ್ತೋ? ಸ್ಟೀರಿಂಗ್ ಅದುರುತ್ತೋ, ಸೀಟೋ? ಬ್ರೇಕ್ ಒತ್ತಿದಾಗ? ನಿಂತಾಗ? ನ್ಯೂಟ್ರಲ್‌ಗೆ ತಂದು ಸುಮ್ನೆ ಉರುಳೋಕೆ ಬಿಟ್ರೆ?’

ಒಂದಕ್ಕೂ ನನ್ನ ಬಳಿ ಸರಿಯಾದ ಉತ್ತರವಿರಲಿಲ್ಲ. ‘ನೋಡ್ಕೊಂಡು ಬಂದು ಹೇಳು. ಕೇಳದೇ ಬಿಚ್ಚಬಾರದು’ ಎಂದರು.

ಮಾರನೆಯ ದಿನ ಬೆಳಿಗ್ಗೆ ಖಾಲಿ ರಸ್ತೆಯಲ್ಲಿ ಒಬ್ಬನೇ ಹೋದೆ. ಗೇರಿನಲ್ಲಿಟ್ಟು ಬ್ರೇಕ್ ತುಳಿದು ನಿಂತಾಗ ಗಾಡಿ ಶಾಂತವಾಗಿತ್ತು. ಎಂದರೆ ಎಂಜಿನ್ ಕೂರುವ ಮೌಂಟಿಂಗ್ ರಬ್ಬರಿನ ತಪ್ಪಲ್ಲ. ಬ್ರೇಕ್ ಒತ್ತಿದಾಗ ನಡುಕ ಹೆಚ್ಚಾಗಲಿಲ್ಲ, ಡಿಸ್ಕ್ ಸರಿಯಾಗಿದೆ. 60ರಲ್ಲಿ ನ್ಯೂಟ್ರಲ್‌ಗೆ ತಂದರೂ ನಡುಕ ನಿಲ್ಲಲಿಲ್ಲ. ಎಂಜಿನ್ನಿನ ವೇಗ ಇಳಿದು ಗಾಲಿಯ ವೇಗ ಹಾಗೇ ಇರುವಾಗಲೂ ನಡುಗಿದರೆ, ಅದು ಎಂಜಿನ್ನಿನಿಂದ ಬರುತ್ತಿಲ್ಲ, ಗಾಲಿಯೊಂದಿಗೆ ತಿರುಗುವ ಯಾವುದರಿಂದಲೋ ಬರುತ್ತಿದೆ. ಇನ್ನೂ ಗಮನವಿಟ್ಟು ಕೂತಾಗ ಅಲ್ಲಿ ಒಂದಲ್ಲ, ಎರಡು ನಡುಕ ಇದ್ದದ್ದು ತಿಳಿಯಿತು. ಒಂದು ಸ್ಟೀರಿಂಗಿನಲ್ಲಿ: ದಪ್ಪ, ನಿಧಾನ, 55ಕ್ಕೆ ಬಂದು 65 ದಾಟಿದರೆ ತಗ್ಗುವಂಥದ್ದು. ಇನ್ನೊಂದು ಸೀಟು ಮತ್ತು ನೆಲದಲ್ಲಿ: ಸಣ್ಣದು, ಜೀರುಂಡೆಯ ಹಾಗೆ ಚುರುಕು, ವೇಗ ಏರಿದಷ್ಟೂ ಏರುವಂಥದ್ದು, ಆಕ್ಸಿಲರೇಟರ್ ಒತ್ತಿದರೆ ಮತ್ತೂ ಗಟ್ಟಿ. ಎಂಟು ತಿಂಗಳು ಅದೇ ಗಾಡಿ ಓಡಿಸಿಯೂ ನನಗೆ ಇವೆರಡೂ ಒಂದೇ ಆಗಿದ್ದವು.

ಅಪ್ಪನಿಗೆ ಹೇಳಿದೆ. ‘ಹಂಗಾದ್ರೆ ಮುಂದೆ ಟೈರು, ಹಿಂದೆ ಶಾಫ್ಟು’ ಎಂದರು. ಅವರ ಮುಖದಲ್ಲಿ ಆ ಗೆಲುವನ್ನು ನಾನು ತುಂಬ ದಿನದಿಂದ ಕಂಡಿರಲಿಲ್ಲ.

ಲೆಕ್ಕ ಹಾಕಿ ನೋಡಿದೆ, ಅವರ ಮಾತು ತೂಕವಾಗಿತ್ತು. 60 ಮೈಲಿ ವೇಗದಲ್ಲಿ ನನ್ನ ಗಾಡಿಯ ಗಾಲಿ ಸೆಕೆಂಡಿಗೆ ಸುಮಾರು 11 ಸುತ್ತು ತಿರುಗುತ್ತದೆ. ಹಿಂದಿನ ಗಾಲಿಗಳ ನಡುವಿನ ಗೇರು ಹೌಸಿಂಗಿನ ಹಲ್ಲುಗಳ ಅನುಪಾತ 3.73 ಆದ್ದರಿಂದ, ಎಂಜಿನ್ನಿನ ಬಲವನ್ನು ಅಲ್ಲಿಗೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಅದೇ ಸೆಕೆಂಡಿನಲ್ಲಿ 40 ಸುತ್ತಿಗೂ ಹೆಚ್ಚು ತಿರುಗುತ್ತದೆ. ಗಾಲಿಯ ದೋಷ ಕುಲುಕಾಟವಾಗಿ ಕೈಗೆ ತಿಳಿಯುತ್ತದೆ, ಶಾಫ್ಟಿನ ದೋಷ ಗುಂಯ್‌ಗುಟ್ಟುವಿಕೆಯಾಗಿ ಬೆನ್ನಿಗೆ ತಿಳಿಯುತ್ತದೆ. ಅಪ್ಪ ಈ ಲೆಕ್ಕವನ್ನು ಅಂಗೈಯಿಂದ ಮಾಡುತ್ತಿದ್ದರು.

ಟೈರಿನ ಮುಂದೆ ಕೂತು ಓದಿದೆ. ಪಕ್ಕೆಯ ಮೇಲಿನ ಕೊನೆಯ ನಾಲ್ಕು ಅಂಕಿ 1416 ಎಂದಿತ್ತು, ಅಂದರೆ 2016ರ ಹದಿನಾಲ್ಕನೆಯ ವಾರದಲ್ಲಿ ತಯಾರಾದದ್ದು. ಮೇಲಿನ ಗೀರುಗಳು ಬೇಕಾದಷ್ಟು ಆಳವಿದ್ದರೂ ರಬ್ಬರು ಗಡುಸಾಗಿ ಬಿರುಕು ಬಿಟ್ಟಿತ್ತು. ಹಿಂದಿನ ಮಾಲೀಕ ಹಾಕಿಸಿದ್ದವು ಭಾರ ಎಳೆಯುವ ಟ್ರಕ್ಕಿನ ದಪ್ಪ ಪಕ್ಕೆಯ ಟೈರುಗಳು, ಗಾಳಿಯ ಒತ್ತಡ 55 ಪಿಎಸ್‌ಐ ಇತ್ತು. ಚಾಲಕನ ಬಾಗಿಲು ತೆರೆದರೆ ಕಾಣುವ ಕಂಬದ ಚೀಟಿಯಲ್ಲಿ ಈ ಗಾಡಿಗೆ ಬರೆದಿರುವುದು 35 ಪಿಎಸ್‌ಐ. ಟೈರಿನ ಮೇಲೆ ಅಚ್ಚಾದ ಒತ್ತಡದ ಅಂಕಿ ಆ ಟೈರು ತಡೆಯಬಲ್ಲ ಗರಿಷ್ಠ ಗಾಳಿ, ಅದನ್ನೇ ಅಳತೆ ಎಂದುಕೊಂಡು ಹೊಡೆಸುವವರು ಬಹಳ. ಕಲ್ಲಿನ ಗಾಲಿಯ ಮೇಲೆ ಕೂತು ಹೊಸ ಶಾಕ್ ಅಬ್ಸಾರ್ಬರನ್ನು ದೂರಿದ್ದೆ ನಾನು. ಚೀಟಿಯಲ್ಲಿದ್ದ ಅಳತೆ ಮತ್ತು ಬಗೆಯ ಟೈರುಗಳನ್ನೇ ಹಾಕಿಸಿದೆ. ಟೈರಿಗೆ ರೋಲರ್ ಒತ್ತಿ, ಭಾರ ಬಿದ್ದಾಗ ಎಲ್ಲಿ ಗಟ್ಟಿ ಎಲ್ಲಿ ಮೆತ್ತಗೆ ಎಂದು ಅಳೆಯುವ ಯಂತ್ರವಿರುವ ಕಡೆ ಬ್ಯಾಲೆನ್ಸ್ ಮಾಡಿಸಿದೆ. ಬರೀ ತೂಕ ನೋಡುವ ಮಾಮೂಲಿ ಬ್ಯಾಲೆನ್ಸಿಂಗಿಗೆ ಆ ದೋಷ ಕಾಣುವುದಿಲ್ಲ. ಗಾಲಿ ಬಿಚ್ಚಿದಾಗ ಅದು ಕೂರುವ ಹಬ್‌ನ ಮುಖದಲ್ಲಿ ತುಕ್ಕು ಹೆಪ್ಪುಗಟ್ಟಿತ್ತು. ನಾವಿರುವ ಕಡೆ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುತ್ತಾರೆ, ಅದು ತಿನ್ನದ ಕಬ್ಬಿಣವಿಲ್ಲ. ತುಕ್ಕಿನ ಪದರದ ಮೇಲೆ ಕೂತ ರಿಮ್ಮು ಕೂದಲೆಳೆಯಷ್ಟು ಓರೆಯಾದರೂ ಸಾಕು. ತಂತಿ ಬ್ರಷ್ಷಿನಿಂದ ಉಜ್ಜಿ ಹೊಳೆಯುವ ಲೋಹ ಕಾಣುವವರೆಗೆ ಬಿಡಲಿಲ್ಲ.

ಸ್ಟೀರಿಂಗ್ ಅಂದೇ ಶಾಂತವಾಯಿತು.

ಶಾಫ್ಟು ಬಿಚ್ಚುವ ದಿನ ಅಪ್ಪ ಫೋನಿನಲ್ಲಿ ಜೊತೆಗಿದ್ದರು. ಫೋನನ್ನು ಟೂಲ್ ಪೆಟ್ಟಿಗೆಗೆ ಒರಗಿಸಿಟ್ಟು ಗಾಡಿಯ ಕೆಳಗೆ ಮಲಗಿದ್ದೆ. ‘ಗಾಲಿಗೆ ಕಲ್ಲು ಕೊಟ್ಟಿದೀಯಾ?’ ಎಂದು ಮೂರು ಸಲ ಕೇಳಿದರು. ಅವರ ಭಯಕ್ಕೆ ಕಾರಣವಿತ್ತು. ಶಾಫ್ಟು ಕಳಚಿದ ಮೇಲೆ ಗೇರನ್ನು ಪಾರ್ಕಿನಲ್ಲಿಟ್ಟರೂ ಹಿಂದಿನ ಗಾಲಿಗಳನ್ನು ಅದು ಹಿಡಿಯುವುದಿಲ್ಲ, ಗಾಡಿ ಉರುಳಬಹುದು. ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಜ್ಯಾಕಿನ ಜೊತೆಗೆ ಎರಡೂ ಕಡೆ ಸ್ಟ್ಯಾಂಡ್ ನಿಲ್ಲಿಸಿ ತೋರಿಸಿದ ಮೇಲೆಯೇ ಮುಂದಿನ ಮಾತು. ‘ಬಿಚ್ಚೋಕೆ ಮುಂಚೆ ಸೀಮೆಸುಣ್ಣದಲ್ಲಿ ಗುರುತು ಹಾಕು. ಹೆಂಗಿತ್ತೋ ಹಂಗೇ ಕೂರ್ಬೇಕು.’ ಎಡಬಲ ತಿರುವಿ ಕೂರಿಸಿದರೆ ಶಾಫ್ಟಿನ ತೂಕದ ಸಮ ತಪ್ಪುತ್ತದೆ.

ಶಾಫ್ಟು ಮಡಚಲು ಬಿಡುವ ಕೀಲು, ಹಿಂಬದಿಯ ಯುಜೆ ಕ್ರಾಸ್, ಕೈಯಲ್ಲಿ ಹಿಡಿದು ಮಡಚಿದರೆ ಒಂದು ದಿಕ್ಕಿಗೆ ಸಲೀಸಾಗಿ ಬಂತು, ಇನ್ನೊಂದು ದಿಕ್ಕಿಗೆ ಕಟಕಟ ಎಂದು ಹಿಡಿದು ಹಿಡಿದು ಬಂತು. ಅದರ ಬೇರಿಂಗಿನ ಬಟ್ಟಲು ಹೊರಬಿದ್ದಾಗ ಒಳಗೆ ಗ್ರೀಸ್ ಇರಲೇ ಇಲ್ಲ. ಸೂಜಿಯಂಥ ಬೇರಿಂಗುಗಳು ಸವೆದು ಕುಂಕುಮದಂಥ ಪುಡಿಯಾಗಿದ್ದವು. ಅಂಗೈಯಲ್ಲಿ ಹಾಕಿ ಕ್ಯಾಮೆರಾಕ್ಕೆ ತೋರಿಸಿದೆ.

‘ನೋಡು, ಎಷ್ಟು ದಿನದಿಂದ ಹೇಳ್ತಾ ಇತ್ತು ಪಾಪ’ ಎಂದರು ಅಪ್ಪ.

ಆಗ ಫೋನಿನ ಪರದೆಯನ್ನು ಮೊದಲ ಸಲ ಹತ್ತಿರದಿಂದ ನೋಡಿದೆ. ಅಪ್ಪನ ಮುಖ ಕುಲುಕುತ್ತಿತ್ತು. ಒಂದೂವರೆ ವರ್ಷದಿಂದ ಅವರ ವಿಡಿಯೊ ಹೀಗೇ ಬರುತ್ತಿತ್ತು, ನೆಟ್‌ವರ್ಕ್ ಸರಿಯಿಲ್ಲ ಎಂದುಕೊಂಡಿದ್ದೆ. ಅವರು ಫೋನನ್ನು ಕೈಯಲ್ಲಿ ಹಿಡಿದಿದ್ದರು. ನಡುಗುತ್ತಿದ್ದದ್ದು ಆ ಕೈ.

ಆ ಕೈಯನ್ನು ನಾನು ಬಲ್ಲೆ. ರಜೆಯ ದಿನಗಳಲ್ಲಿ ಒಮ್ಮೊಮ್ಮೆ ಜೀಪಿನ ಮುಂದಿನ ಸೀಟಿನಲ್ಲಿ ಅವರ ಪಕ್ಕ ಕೂರುತ್ತಿದ್ದೆ. ರಾತ್ರಿ ಹೊತ್ತು ಎಡಗೈಯನ್ನು ಗೇರಿನ ಗುಂಡಿನ ಮೇಲೆ ಇಟ್ಟುಕೊಂಡೇ ಓಡಿಸುತ್ತಿದ್ದರು. ಯಾಕೆಂದು ಕೇಳಿದ್ದಕ್ಕೆ ನನ್ನ ಕೈಯನ್ನು ಗುಂಡಿನ ಮೇಲಿಟ್ಟು ಅದರ ಮೇಲೆ ತಮ್ಮ ಕೈಯಿಟ್ಟು, ‘ಗಾಡಿ ಮಾತಾಡೋದು ಇಲ್ಲಿ ಗೊತ್ತಾಗುತ್ತೆ’ ಎಂದಿದ್ದರು. ಬಂಡೆಯ ಹಾಗೆ ಕದಲದ ಕೈ ಅದು. ತಿರುವಿನಲ್ಲಿ ನಾನು ತೂಕಡಿಸಿ ವಾಲಿದರೆ ಅದೇ ಕೈ ಗೇರು ಬಿಟ್ಟು ಎದೆಗೆ ಅಡ್ಡ ಬರುತ್ತಿತ್ತು.

ಅಕ್ಕನಿಗೆ ಫೋನ್ ಮಾಡಿದೆ. ‘ವಯಸ್ಸಾಯ್ತಲ್ಲೋ, ಎಪ್ಪತ್ತಮೂರು. ಈ ವಯಸ್ಸಿಗೆ ಎಲ್ಲರಿಗೂ ಅಷ್ಟೇ’ ಎಂದಳು. ಗ್ಯಾರೇಜಿನವನ ಮಾತೇ ಅದು. ಅಕ್ಕನ ಮೇಲೆ ಸಿಟ್ಟು ಬಂತು, ಆಮೇಲೆ ಸಿಟ್ಟು ನನ್ನ ಮೇಲೇ ತಿರುಗಿತು. ದಿನಾ ಅಪ್ಪನ ಔಷಧಿ, ಊಟ, ನಿದ್ದೆ ನೋಡಿಕೊಳ್ಳುವವಳು ಅವಳು. ಅಮೆರಿಕಕ್ಕೆ ಬಂದು 11 ವರ್ಷವಾದ ನನಗೆ ಅವಳನ್ನು ತಿದ್ದುವ ಹಕ್ಕು ಎಷ್ಟಿದೆ? ಆದರೂ ಹೇಳಿದೆ. ನಮ್ಮ ಕಡೆ ಗಾಡಿ ಅದುರಿದರೆ ರಸ್ತೇನೇ ಹಾಗೆ ಅನ್ನುತ್ತೇವೆ, ಕೈ ನಡುಗಿದರೆ ವಯಸ್ಸೇ ಹಾಗೆ ಅನ್ನುತ್ತೇವೆ. ರಸ್ತೆ ಕೆಟ್ಟಿರುವುದು ನಿಜ, ವಯಸ್ಸಾಗಿರುವುದೂ ನಿಜ, ಅದಕ್ಕೇ ಆ ಮಾತು ಇಷ್ಟು ಸುಲಭವಾಗಿ ನಿಲ್ಲುತ್ತದೆ. ಅದು ಯಾವಾಗ ನಡುಗುತ್ತದೆ ಎಂದು ಯಾರೂ ಕೇಳುವುದಿಲ್ಲ. ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಸರಿ, ನರದ ಡಾಕ್ಟರ ಹತ್ರ ಕರ್ಕೊಂಡು ಹೋಗ್ತೀನಿ’ ಎಂದಳು.

ಹೋಗಿಬಂದ ಸಂಜೆ ಅಪ್ಪನೇ ಕರೆ ಮಾಡಿದರು. ‘ಆ ಡಾಕ್ಟ್ರೂ ನನ್ ಹಂಗೇ ಕೇಳಿದ್ರು ಮಗಾ. ಕೈ ಸುಮ್ನೆ ತೊಡೆ ಮೇಲಿದ್ದಾಗ ನಡುಗುತ್ತೋ, ಲೋಟ ಎತ್ತುವಾಗ ನಡುಗುತ್ತೋ ಅಂತ. ಎತ್ತುವಾಗ ಅಂದೆ.’ ಸುಮ್ಮನಿದ್ದಾಗ ನಡುಗುವುದು ಪಾರ್ಕಿನ್‌ಸನ್ ಕಾಯಿಲೆಯ ಸಾಮಾನ್ಯ ಲಕ್ಷಣ, ಕೆಲಸ ಮಾಡುವಾಗ ನಡುಗುವುದು ಹೆಚ್ಚಾಗಿ ಬೇರೆಯ ದಾರಿ. ಅಕ್ಷರ ಬರೆಸಿ ನೋಡಿದರಂತೆ. ಸಾಲು ಮುಂದೆ ಹೋದಂತೆ ಅಕ್ಷರ ಚಿಕ್ಕದಾಗುತ್ತಾ ಬಂದರೆ ಪಾರ್ಕಿನ್‌ಸನ್ ಕಡೆ ಅನುಮಾನ ಹೋಗುತ್ತದೆ. ಅಪ್ಪನದು ದೊಡ್ಡದಾಗಿಯೇ ಉಳಿದು ಅಲೆಯುತ್ತದೆ. ಥೈರಾಯ್ಡ್ ಹೆಚ್ಚಾದರೂ, ಕೆಲವು ಔಷಧಿಗಳಿಂದಲೂ ಕೈ ನಡುಗಬಹುದಾದ್ದರಿಂದ ರಕ್ತಪರೀಕ್ಷೆ ಮಾಡಿಸಿ, ಈಗ ನುಂಗುತ್ತಿರುವ ಮಾತ್ರೆಗಳ ಪಟ್ಟಿಯನ್ನೂ ನೋಡಿದರು. ಕೊನೆಗೆ ಎಸೆನ್ಷಿಯಲ್ ಟ್ರೆಮರ್ ಎಂದರು, ಕೆಲಸಕ್ಕೆ ಕೈಯೆತ್ತಿದಾಗ ನಡುಗುವ ನರದ ತೊಂದರೆ. ವಾಸಿಯಾಗುವುದಿಲ್ಲ, ಆದರೆ ಮಾತ್ರೆಯಿಂದ ಅನೇಕರಲ್ಲಿ ತಗ್ಗುತ್ತದೆ. ಸಣ್ಣ ಪ್ರಮಾಣದಲ್ಲಿ ಶುರುಮಾಡಿದ್ದಾರೆ. ಅಪ್ಪ ಎರಡು ವರ್ಷದಿಂದ ನೆಂಟರ ಮನೆಗೆ ಹೋಗುವುದನ್ನು ಬಿಟ್ಟಿದ್ದು ಲೋಟ ತುಳುಕುತ್ತದೆ ಎಂಬ ಸಂಕೋಚಕ್ಕೆ ಎಂದು ಆ ದಿನವೇ ಅಕ್ಕನಿಗೂ ನನಗೂ ಗೊತ್ತಾಯಿತು.

ಗಾಡಿಯ ಕೆಲಸ ಒಂದು ಉಳಿದಿತ್ತು. ಹೊಸ ಕ್ರಾಸ್ ಕೂರಿಸಿ, ನಾಲ್ಕೂ ಬಟ್ಟಲಿನ ಅಂಚಿನಲ್ಲಿ ಗ್ರೀಸ್ ಹೊರಬರುವವರೆಗೆ ನಿಪ್ಪಲ್‌ಗೆ ಒತ್ತಿದ ಮೇಲೆ ನೆಲದ ಗುಂಯ್‌ಗುಟ್ಟುವಿಕೆ ಹೋಯಿತು. ಆದರೂ ಹಿಂಬದಿ ಗಡುಸಾಗಿಯೇ ಇತ್ತು. ಗ್ಯಾರೇಜಿನವರು ಹೊಸ ಬುಶ್‌ಗಳ ಬೋಲ್ಟನ್ನು ಗಾಡಿ ಮೇಲೆತ್ತಿ ಗಾಲಿ ಜೋತುಬಿದ್ದಿರುವಾಗಲೇ ಬಿಗಿದಿರಬೇಕು. ಹಾಗೆ ಬಿಗಿದರೆ ಗಾಡಿ ನೆಲಕ್ಕಿಳಿದಾಗ ಒಳಗಿನ ರಬ್ಬರು ತಿರುಚಿಕೊಂಡೇ ಕೂರುತ್ತದೆ, ಸವಾರಿ ಗಡುಸಾಗುತ್ತದೆ, ರಬ್ಬರು ಬೇಗ ಹರಿಯುತ್ತದೆ. ನಾಲ್ಕೂ ಗಾಲಿಯ ಮೇಲೆ ಭಾರ ಬಿಟ್ಟು, ಬೋಲ್ಟ್ ಸಡಿಲಿಸಿ, ಗಾಡಿಯನ್ನು ಎರಡು ಸಲ ಒತ್ತಿ ಅಲುಗಿಸಿ, ಮತ್ತೆ ಬಿಗಿದೆ. ಅರ್ಧ ಗಂಟೆಯ ಕೆಲಸ. ಆಮೇಲೆ ಅಲೈನ್‌ಮೆಂಟ್ ಮಾಡಿಸಿದೆ. 70 ದಾಟಿದರೆ ಎಲ್ಲೋ ಒಂದು ಸಣ್ಣ ಗುನುಗು ಇನ್ನೂ ಇದೆ, ಮುಂದಿನ ಗಾಲಿಗಳ ಶಾಫ್ಟ್ ನೋಡಬೇಕು.

ಡಾಕ್ಟರು ಅಪ್ಪನ ಕೈಯಲ್ಲಿ ಸುರುಳಿ ಬರೆಸಿದ್ದ ಹಾಳೆಯ ಫೋಟೊವನ್ನು ಅಕ್ಕ ಕಳಿಸಿದ್ದಳು. ಮಗಳು ಅದನ್ನು ನೋಡಿ ತಾನೂ ಬರೆಯುತ್ತೇನೆಂದು ಹಟ ಹಿಡಿದಳು, ಮನೆಯಲ್ಲಲ್ಲ, ಗಾಡಿಯಲ್ಲೇ. ಮೊನ್ನೆ ಹೆದ್ದಾರಿಯಲ್ಲಿ ಬರೆದಳು. ಸುರುಳಿ ದುಂಡಗೆ ಬಂದಿದೆ, ಸೇತುವೆಯ ಜೋಡಣೆ ದಾಟಿದ ಒಂದು ಕಡೆ ಮಾತ್ರ ಗೆರೆ ಜಿಗಿದಿದೆ. ಅಂಚೆಗೆ ಹಾಕುವ ಮುಂಚೆ, ತಾತ ಕೇಳುತ್ತಾರೆ ಎಂದು, ಕೆಳಗೆ ಕನ್ನಡದಲ್ಲಿ ಅವಳೇ ಬರೆದಿದ್ದಾಳೆ: ‘ಸ್ಪೀಡು 62. ಸ್ಟೀರಿಂಗ್ ಅದುರಲಿಲ್ಲ. ಸೀಟೂ ಅದುರಲಿಲ್ಲ. ನಿಮ್ಮದು?’