ಹಗ್ಗ ಎಲ್ಲಾ ಒಳಗಿದ್ಯಾ?

ಆ ದಿನ ಅಕ್ಕ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಅಕ್ಕನ ಹತ್ತಿರ ಒಂದು ಹಾಯಿದೋಣಿ ಇದೆ. ಉದ್ದ 26 ಅಡಿ. ಒಳಗೆ ಇಬ್ಬರು ಮಲಗುವಷ್ಟು ಜಾಗ, ಒಂದು ಪುಟ್ಟ ಒಲೆ, ನೆಟ್ಟಗೆ ನಿಂತರೆ ತಲೆಗೆ ಬಡಿಯುವ ಚಾವಣಿ. ದೊಡ್ಡ ಹಾಯಿ ಒಂದು, ಅದರ ಮುಂದೆ ಜಿಬ್ ಅನ್ನೋ ಚಿಕ್ಕ ಹಾಯಿ ಇನ್ನೊಂದು. ಗಾಳಿ ಕೈಕೊಟ್ಟಾಗ ಇರಲಿ ಅಂತ ಒಂದು ಹಳೇ ಡೀಸೆಲ್ ಇಂಜಿನ್. ಅಷ್ಟೇ ಸಂಸಾರ. ದೋಣಿ ಅವಳದ್ದು, ಆದ್ದರಿಂದ ಕೊನೆಯ ಮಾತೂ ಅವಳದ್ದೇ. ನಾನು ವರ್ಷಕ್ಕೆ ಎರಡು ಮೂರು ಸಲ ಹೋಗುವ ಆಳು. ಎಳಿ ಅಂದಾಗ ಎಳೆಯೋದು, ಬಿಡು ಅಂದಾಗ ಬಿಡೋದು.

ಆ ಸಲ ಹೋಗಬೇಕಿದ್ದದ್ದು ದಡದ ಪಕ್ಕದಲ್ಲೇ ಉತ್ತರಕ್ಕೆ 34 ನಾಟಿಕಲ್ ಮೈಲಿ. ಒಂದು ನಾಟಿಕಲ್ ಮೈಲಿಗೆ 1,852 ಮೀಟರ್. ಅಂದರೆ ಹತ್ತಿರ ಹತ್ತಿರ 63 ಕಿಲೋಮೀಟರ್. ಕಾರಿನಲ್ಲಾದರೆ ಒಂದು ಗಂಟೆಯ ಮಾತು. ನಮಗೆ ಇಡೀ ಹಗಲು. ಇಷ್ಟುದ್ದದ ದೋಣಿ ಎಂಥ ಗಾಳಿ ಸಿಕ್ಕರೂ ಗಂಟೆಗೆ ಆರು ಮೈಲಿಯ ಮೇಲೆ ಹೋಗೋದು ಕಷ್ಟ. ತಾನೇ ಎಬ್ಬಿಸಿದ ಅಲೆಯ ಗುಂಡಿಯಲ್ಲಿ ತಾನೇ ಸಿಕ್ಕಿಕೊಳ್ಳುತ್ತದೆ. ಹತ್ತಿ ಆಚೆ ಹೋಗೋಕೆ ಆಗಲ್ಲ.

ಇಪ್ಪತ್ತನೇ ಮೈಲಿಗೆ ಒಂದು ಭೂಶಿರ. ದಡ ಅಲ್ಲಿ ಪಶ್ಚಿಮಕ್ಕೆ ಮೂಗು ಚಾಚಿಕೊಂಡಿದೆ, ತುದಿಯಲ್ಲಿ ಲೈಟ್‌ಹೌಸ್. ಇಡೀ ಪಯಣದ ಲೆಕ್ಕ ನಿಂತಿದ್ದೇ ಆ ಮೂಗಿನ ಮೇಲೆ. ಅಕ್ಕ ಹಿಂದಿನ ರಾತ್ರಿ ನೋಟ್‌ಬುಕ್ಕಿನಲ್ಲಿ ಎಲ್ಲಾ ಬರೆದಿಟ್ಟಿದ್ದಳು. ಬೆಳಗಿನ ಜಾವ ನೆಲದ ಕಡೆಯಿಂದ ಗಾಳಿ. ಎಂಟೂವರೆ ಹೊತ್ತಿಗೆ ಅದು ಸಾಯುತ್ತದೆ. ಮಧ್ಯಾಹ್ನದ ಹೊತ್ತಿಗೆ ಕಡಲ ಕಡೆಯಿಂದ ಗಾಳಿ ಏಳುತ್ತದೆ, ವಾಯವ್ಯಕ್ಕೆ ತಿರುಗಿ ಜೋರಾಗುತ್ತದೆ. ಉಬ್ಬರ ಇಳಿತದ ಸೆಳೆತ ಹನ್ನೊಂದೂವರೆ ತನಕ ಉತ್ತರಕ್ಕೆ, ನಮ್ಮ ಜೊತೆಗೆ. ಆಮೇಲೆ ಆರು ಗಂಟೆ ದಕ್ಷಿಣಕ್ಕೆ, ನಮಗೆ ಎದುರಾಗಿ. ಕೆಳಗೆ ಎರಡು ಗೆರೆ ಎಳೆದು ಬರೆದಿದ್ದಳು: ಹತ್ತೂವರೆ ಒಳಗೆ ಮೂಗು ದಾಟಿರಬೇಕು.

ಗಾಳಿಯನ್ನು ನಂಬಬಾರದು ಅಂತಾರೆ ಅಲ್ವಾ? ಆ ದಿನ ಗಾಳಿ ನೋಟ್‌ಬುಕ್ಕಿನಲ್ಲಿ ಬರೆದ ಹೊತ್ತಿಗೇ ಬಂತು, ಬರೆದ ಹೊತ್ತಿಗೇ ಹೋಯಿತು, ಬರೆದ ಕಡೆಗೇ ತಿರುಗಿತು. ಮಾತು ತಪ್ಪಿದ್ದು ನಾನು.

ಐದು ಗಂಟೆಗೆ ಕತ್ತಲಲ್ಲೇ ಹೊರಟೆವು. ರಾತ್ರಿಯೆಲ್ಲಾ ತಣ್ಣಗಾದ ನೆಲದಿಂದ ಗಾಳಿ ಕಡಲಿಗೆ ಇಳಿಯುತ್ತಿತ್ತು. ಬಲಗಡೆಯಿಂದ ಹದವಾಗಿ ಬೀಸುವ ಗಾಳಿ, ಅಲೆಯೇ ಇಲ್ಲದ ನೀರು. ಹಾಯಿದೋಣಿಗೆ ಇದಕ್ಕಿಂತ ಸುಖ ಇಲ್ಲ. ಎಂಟೂವರೆಗೆ 16 ಮೈಲಿ ಮುಗಿದಿತ್ತು. ಲೈಟ್‌ಹೌಸ್ ಬರಿಗಣ್ಣಿಗೇ ಕಾಣುತ್ತಿತ್ತು. ಆಗ ಗಾಳಿ ನಿಂತಿತು. ಫ್ಯಾನ್ ಆಫ್ ಮಾಡಿದ ಹಾಗೆ.

ಅದೂ ಲೆಕ್ಕದಲ್ಲಿ ಇದ್ದದ್ದೇ. ಇನ್ನು ನಾಲ್ಕು ಮೈಲಿ, ಇಂಜಿನ್ ಹಾಕಿದರೆ ಒಂದು ಗಂಟೆ. ನಾನು ಮುಂದೆ ಹೋಗಿ ಜಿಬ್ ಸುತ್ತಿ ಬಂದೆ. ಅದರ ಹಗ್ಗವನ್ನು ಸುರುಳಿ ಮಾಡಿ ಪಕ್ಕದ ಕಟ್ಟೆಯ ಮೇಲೆ ಇಟ್ಟೆ. ಕೊಕ್ಕೆಗೆ ಸಿಕ್ಕಿಸಬೇಕಿತ್ತು, ಸುಮ್ನೆ ಇಟ್ಟೆ. ಅಕ್ಕ ಇಂಜಿನ್ ಕೀ ಮೇಲೆ ಕೈ ಇಟ್ಟು ಕೇಳಿದಳು.

"ಹಗ್ಗ ಎಲ್ಲಾ ಒಳಗಿದ್ಯಾ?"

"ಹ್ಞೂಂ" ಅಂದೆ. ನೋಡದೇ ಅಂದೆ. ಆಗ ನಾನು ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಿದ್ದೆ.

ಇಂಜಿನ್ ಚಾಲೂ ಆಯಿತು. ಗೇರ್ ಹಾಕಿ ಹತ್ತು ಸೆಕೆಂಡ್ ಆಗಿರಬೇಕು. ದೋಣಿಯ ಹೊಟ್ಟೆಯೊಳಗೆ ದಡಬಡ ಸದ್ದು, ಒಂದು ಜರ್ಕ್, ಆಮೇಲೆ ನಿಶ್ಶಬ್ದ. ಎಡಗಡೆ ಅಂಚಿನಲ್ಲಿ ಜಿಬ್‌ನ ಹಗ್ಗ ತಂತಿಯ ಹಾಗೆ ಬಿಗಿದು ನೇರ ನೀರಿನೊಳಗೆ ಇಳಿದಿತ್ತು. ಸುರುಳಿ ಜಾರಿ ಕಡಲಿಗೆ ಬಿದ್ದಿದೆ, ಪ್ರೊಪೆಲ್ಲರ್ ಅದನ್ನು ನೂಲು ಸುತ್ತಿದ ಹಾಗೆ ಸುತ್ತಿಕೊಂಡಿದೆ. ಅಕ್ಕ ಹಗ್ಗ ನೋಡಿದಳು. ನನ್ನನ್ನು ನೋಡಲಿಲ್ಲ. "ಸರಿ, ಗೇರ್ ನ್ಯೂಟ್ರಲ್‌ಗೆ ಹಾಕು" ಅಂದಳು.

ಇಂಥ ಹೊತ್ತಲ್ಲಿ ಮಾಡೋದು ಒಂದೇ. ಇಂಜಿನ್ ಪೂರ್ತಿ ಆಫ್ ಮಾಡಿ, ಒಬ್ಬರು ಒಳಗೆ ಬಗ್ಗಿ ಶಾಫ್ಟನ್ನು ಕೈಯಲ್ಲಿ ಹಿಂದಕ್ಕೆ ತಿರುಗಿಸಬೇಕು, ಇನ್ನೊಬ್ಬರು ಮೇಲಿಂದ ಹಗ್ಗ ಎಳೀತಾ ಹೋಗಬೇಕು. ಅದೃಷ್ಟ ಇದ್ದರೆ ಸುತ್ತು ಬಿಚ್ಚಿಕೊಳ್ಳುತ್ತದೆ. ಅರ್ಧ ಗಂಟೆ ಡೀಸೆಲ್ ವಾಸನೆಯಲ್ಲಿ ಮುಖ ಇಟ್ಟುಕೊಂಡು ತಿರುಗಿಸಿದೆ. ಒಂದು ಸುತ್ತು ಬಂತು. ಅಷ್ಟೇ. ನೀರಿಗೆ ಇಳಿದು ಕತ್ತರಿಸುತ್ತೀನಿ ಅಂದೆ. ಅಕ್ಕ ದೋಣಿಯ ಹಿಂಭಾಗ ತೋರಿಸಿದಳು. ಗಾಳಿ ಇಲ್ಲದಿದ್ದರೂ ಎಲ್ಲೋ ದೂರದಲ್ಲಿ ಹುಟ್ಟಿದ ಉದ್ದನೆಯ ಅಲೆಗಳು ಅಡಿಯಲ್ಲಿ ಹಾದು ಹೋಗುತ್ತಿದ್ದವು. ಎರಡು ಟನ್‌ಗಿಂತ ಭಾರದ ದೋಣಿ ಒಂದಡಿ ಮೇಲೇಳೋದು, ದೊಪ್ಪಂತ ಕೂರೋದು. "ಅದರ ಕೆಳಗೆ ತಲೆ ಇಡ್ತೀಯಾ?" ಅಂದಳು. ಮಾತು ಮುಗಿಯಿತು. ಹಗ್ಗದ ಹೊರಗಿನ ತುಂಡು ಕತ್ತರಿಸಿ, ಜಿಬ್‌ಗೆ ಬೇರೆ ಹಗ್ಗ ಕಟ್ಟಿ ಕೂತೆವು.

ಗಾಳಿ ಇಲ್ಲದ ಕಡಲು ಬಿರುಗಾಳಿಗಿಂತ ಜಾಸ್ತಿ ಕಾಡುತ್ತದೆ. ಇದು ಅನುಭವಿಸಿದವರಿಗೇ ಗೊತ್ತು. ಹಾಯಿಯಲ್ಲಿ ಗಾಳಿ ಇದ್ದರೆ ದೋಣಿ ಒಂದು ಕಡೆ ಒರಗಿ ಸ್ಥಿರವಾಗಿ ನಿಲ್ಲುತ್ತದೆ. ಗಾಳಿ ಹೋದರೆ ತೊಟ್ಟಿಲು. ಹಾಯಿಯ ಅಡಿಗಿರುವ ಬೂಮ್, ನನ್ನ ತೋಳಿಗಿಂತ ದಪ್ಪದ ಅಲ್ಯೂಮಿನಿಯಂ ಕೊಳವೆ, ಆ ಕಡೆ ಹೋಗಿ ಟಪ್, ಈ ಕಡೆ ಬಂದು ಟಪ್. ಒಂದೊಂದು ಏಟಿಗೂ ಕಂಬ ನಡುಗುತ್ತದೆ. ಕೊನೆಗೆ ಅದನ್ನು ಕಟ್ಟಿಹಾಕಿದೆವು. ಸೆಳೆತ ನಮ್ಮನ್ನು ಗಂಟೆಗೆ ಒಂದು ಮೈಲಿಗೂ ಕಮ್ಮಿ ವೇಗದಲ್ಲಿ ಉತ್ತರಕ್ಕೆ ಒಯ್ಯುತ್ತಿತ್ತು. ಕಡಲಲ್ಲಿ ಸಹಾಯಕ್ಕೆ ಕರೆಯುವ 16ನೇ ಚಾನೆಲ್‌ನಲ್ಲಿ ರೇಡಿಯೋ ತನ್ನಷ್ಟಕ್ಕೆ ಗೊರಗುಟ್ಟುತ್ತಿತ್ತು. ಯಾರನ್ನೂ ಕರೆಯುವಂಥದ್ದು ಏನೂ ಆಗಿರಲಿಲ್ಲ. ಹತ್ತೂವರೆ ಬಂತು, ಹೋಯಿತು. ಇಬ್ಬರೂ ಗಡಿಯಾರ ನೋಡಿದೆವು, ಇಬ್ಬರೂ ನೋಡಿಲ್ಲ ಅನ್ನೋ ಹಾಗೆ ಕೂತೆವು.

ಹನ್ನೊಂದು ಮುಕ್ಕಾಲಿಗೆ ಪಶ್ಚಿಮದ ನೀರಿನ ಮೇಲೆ ಒಂದು ಕಪ್ಪು ಗೀರು ಕಾಣಿಸಿತು. ಎಣ್ಣೆ ಸವರಿದ ಹಾಗಿದ್ದ ನೀರು ಅಲ್ಲಿ ಮಾತ್ರ ಸುಕ್ಕುಗಟ್ಟಿತ್ತು. ಗೀರು ಅಗಲವಾಗುತ್ತಾ ಬಂತು. ಬಿಸಿಲಿಗೆ ನೆಲ ಕಾದು, ಅದರ ಮೇಲಿನ ಗಾಳಿ ಮೇಲಕ್ಕೆ ಹೋಗಿ, ಆ ಜಾಗ ತುಂಬೋಕೆ ಕಡಲಿನ ತಂಪು ಗಾಳಿ ಒಳಗೆ ಬರುವ ಹೊತ್ತು. ಭೂಮಧ್ಯರೇಖೆಯಿಂದ ಉತ್ತರಕ್ಕಿರುವ ಕಡಲಲ್ಲಿ ಈ ಗಾಳಿ ಹೊತ್ತು ಏರಿದ ಹಾಗೆ ಸಾಮಾನ್ಯವಾಗಿ ಬಲಕ್ಕೆ ತಿರುಗುತ್ತಾ ಹೋಗುತ್ತದೆ. ಪಶ್ಚಿಮದ್ದು ವಾಯವ್ಯಕ್ಕೆ. ಮೂಗು ದಾಟಲು ನಾವು ಹೋಗಬೇಕಿದ್ದದ್ದೂ ವಾಯವ್ಯಕ್ಕೇ. ಹನ್ನೆರಡೂವರೆಗೆ ಗಾಳಿ ನೇರ ಮುಖಕ್ಕೆ.

ಹಾಯಿದೋಣಿ ಗಾಳಿಗೆ ನೇರ ಎದುರು ಹೋಗಲಾರದು. ಹೆಚ್ಚುಕಮ್ಮಿ 45 ಡಿಗ್ರಿ ಓರೆಯಾಗಿ ಒಂದಷ್ಟು ಬಲಕ್ಕೆ, ಆಮೇಲೆ ತಿರುಗಿಸಿ ಒಂದಷ್ಟು ಎಡಕ್ಕೆ, ಹೀಗೆ ಹಾವಿನ ಹಾಗೆ ಹೋಗಬೇಕು. ಒಂದೊಂದು ತಿರುವಿಗೆ ಟ್ಯಾಕ್ ಅಂತಾರೆ. ಲೆಕ್ಕದ ಪ್ರಕಾರವೇ ದಾರಿ ಒಂದೂವರೆಯಷ್ಟು ಆಗುತ್ತದೆ. ಅದರ ಮೇಲೆ ಈಗ ಸೆಳೆತವೂ ಎದುರು. ಸೆಳೆತದ ಬಲ ಆರು ಗಂಟೆಯಲ್ಲಿ ಮೂರು ನಾಲ್ಕನೇ ಗಂಟೆಗೇ ಜಾಸ್ತಿ. ಭೂಶಿರದ ತುದಿಯಲ್ಲಿ ನೀರು ಇರುಕಿಕೊಂಡು ಹೋಗುವುದರಿಂದ ಅಲ್ಲಿ ಇನ್ನೂ ಜಾಸ್ತಿ.

ಟ್ಯಾಕ್ ಮಾಡಿದೆವು. ಮಾಡಿದೆವು. ಮಾಡುತ್ತಲೇ ಇದ್ದೆವು. ಕಡಲ ಕಡೆಗೆ ಇಪ್ಪತ್ತು ನಿಮಿಷ, ದಡದ ಕಡೆಗೆ ಇಪ್ಪತ್ತು ನಿಮಿಷ. ದೋಣಿ ಒರಗಿಕೊಂಡು, ನೊರೆ ಹಾರಿಸಿಕೊಂಡು ಐದು ನಾಟ್‌ನಲ್ಲಿ, ಅಂದರೆ ಗಂಟೆಗೆ ಐದು ನಾಟಿಕಲ್ ಮೈಲಿ ವೇಗದಲ್ಲಿ, ಓಡುತ್ತಿದೆ. ನೋಡಿದವರು ಭಲೇ ಅನ್ನಬೇಕು, ಹಾಗಿತ್ತು ಓಟ. ಪ್ರತಿ ಸಲ ದಡದ ಹತ್ತಿರ ಬಂದಾಗ ಮಾತ್ರ ಅದೇ ಲೈಟ್‌ಹೌಸ್, ಅದೇ ಬಂಡೆ, ಬಂಡೆಯ ಮೇಲೆ ಅದೇ ಬಿಳಿ ಕಲೆ.

ಗಾಳಿ ಅಷ್ಟರಲ್ಲಿ 18 ನಾಟ್ ದಾಟಿತ್ತು. ಅಲೆಯ ನೆತ್ತಿಗಳೆಲ್ಲಾ ಬೆಳ್ಳಗಾಗಿದ್ದವು. ಗಾಳಿಯ ವೇಗ ಎರಡರಷ್ಟಾದರೆ ಹಾಯಿಯ ಮೇಲಿನ ಒತ್ತಡ ನಾಲ್ಕರಷ್ಟು. ಹತ್ತು ನಾಟ್‌ನಲ್ಲಿ ಹಸುವಾಗಿದ್ದ ಹಾಯಿ ಇಪ್ಪತ್ತರಲ್ಲಿ ಗೂಳಿ. ಆಗ ದೊಡ್ಡ ಹಾಯಿಯನ್ನು ಸ್ವಲ್ಪ ಇಳಿಸಿ ಕೆಳಭಾಗವನ್ನು ಕಟ್ಟಿಬಿಡುತ್ತಾರೆ. ಅದೇ ರೀಫ್. ಅಕ್ಕ ಗಾಳಿಯನ್ನು ನಾಟ್‌ನಲ್ಲಿ ಹೇಳುವುದೇ ಇಲ್ಲ. "ಒಂದು ರೀಫಿನ ಗಾಳಿ", "ಎರಡು ರೀಫಿನ ಗಾಳಿ" ಅನ್ನುತ್ತಾಳೆ. ಇದು ಅವಳ ಖಯಾಲಿ ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಫ್ರಾನ್ಸಿಸ್ ಬೋಫರ್ಟ್ ತಯಾರಿಸಿದ, 1838ರಲ್ಲಿ ಬ್ರಿಟಿಷ್ ನೌಕಾಪಡೆ ಒಪ್ಪಿಕೊಂಡ ಆ ಪ್ರಸಿದ್ಧ ಮಾಪಕವೂ ಮೊದಲು ಹೀಗೇ ಇತ್ತು. ಗಾಳಿ ಎಷ್ಟು ವೇಗ ಅಂತಲ್ಲ, ಯುದ್ಧನೌಕೆ ಎಷ್ಟು ಹಾಯಿ ತಡೆದುಕೊಳ್ಳುತ್ತದೆ ಅಂತ.

ರೀಫ್ ಹಾಕಲು ನಾನು ಕಂಬದ ಬುಡಕ್ಕೆ ಹೋದೆ. ಸೊಂಟದ ಹಾರ್ನೆಸ್ಸನ್ನು ತಂತಿಗೆ ಸಿಕ್ಕಿಸಿಕೊಂಡು ಮಂಡಿಯೂರಿ ಕೂತೆ. ಮೇಲಿನ ಹಗ್ಗ ಸಡಿಲಿಸಿದರೆ ಹಾಯಿ ಒಂದು ಮೀಟರ್ ಇಳಿಯಿತು. ಅದರ ಮುಂದಿನ ಅಂಚಿನ ಬಳೆಯನ್ನು ಕೊಕ್ಕೆಗೆ ಸಿಕ್ಕಿಸಬೇಕು. ದಡದಲ್ಲಿ ನಿಂತು ಮಾಡಿದರೆ ಮಕ್ಕಳಾಟ. ಇಲ್ಲಿ ಬಳೆ ಕೊಕ್ಕೆಯ ಹತ್ತಿರ ಬಂದಾಗಲೆಲ್ಲಾ ದೋಣಿಯ ಮೂತಿ ಅಲೆಗೆ ಗುದ್ದಿ ಒಂದು ಬಕೆಟ್ ನೀರು ನನ್ನ ಕುತ್ತಿಗೆಯೊಳಗೆ. ನಾಲ್ಕನೇ ಸಲಕ್ಕೆ ಸಿಕ್ಕಿತು. ಹೆಬ್ಬೆರಳಿನ ಚರ್ಮ ಅಲ್ಲೇ ಬಿಟ್ಟು ಬಂದೆ. ರೀಫ್ ಹಾಕಬೇಕಾ ಅಂತ ಮೊದಲ ಸಲ ಅನ್ನಿಸಿದಾಗಲೇ ಹಾಕಬೇಕು ಅನ್ನೋದು ಹಳಬರ ಮಾತು. ನಮಗೆ ಅನ್ನಿಸಿ ಆಗಲೇ ಮುಕ್ಕಾಲು ಗಂಟೆ ಆಗಿತ್ತು.

ಎರಡೂವರೆಗೆ ಅಕ್ಕ ಕೇಳಿದಳು. "ಎರಡು ಗಂಟೆಯಲ್ಲಿ ಎಷ್ಟು ಮುಂದೆ ಬಂದ್ವಿ?"

ಜಿಪಿಎಸ್ ನೋಡಿದೆ. "ಅರ್ಧ ಮೈಲಿ."

ಆರು ಗಂಟೆ ಹೊತ್ತಿಗೆ ಸೆಳೆತ ಮತ್ತೆ ನಮ್ಮ ಕಡೆ ತಿರುಗುತ್ತಲ್ಲ, ಕಾಯೋಣ ಅಂದೆ. ತಪ್ಪನ್ನು ಹೇಗಾದರೂ ಸರಿಮಾಡಬೇಕು ಅನ್ನೋ ಹಟ ಅದು, ಬುದ್ಧಿಯ ಮಾತಲ್ಲ. ಗಾಳಿ ಒಂದು ಕಡೆಯಿಂದ, ನೀರು ಎದುರು ಕಡೆಯಿಂದ ಬಂದರೆ ಅಲೆಗಳು ಗಿಡ್ಡವಾಗಿ, ಕಡಿದಾಗಿ, ಒಂದರ ಬೆನ್ನಿಗೊಂದು ಗೋಡೆಯ ಹಾಗೆ ಏಳುತ್ತವೆ. ಅದೂ ಕತ್ತಲಾಗುವ ಹೊತ್ತಲ್ಲಿ, ಇಂಜಿನ್ ಇಲ್ಲದೆ, ಬಂಡೆಗಳ ಪಕ್ಕ. ಅಕ್ಕ ಇದನ್ನೆಲ್ಲಾ ವಿವರಿಸಲಿಲ್ಲ. ಚುಕ್ಕಾಣಿ ಎಳೆದು ದೋಣಿ ತಿರುಗಿಸಿಯೇಬಿಟ್ಟಳು. ದಕ್ಷಿಣಕ್ಕೆ ನಾಲ್ಕೈದು ಮೈಲಿ ದೂರದಲ್ಲಿ, ವಾಯವ್ಯದ ಗಾಳಿ ತಾಗದ ಒಂದು ಸಣ್ಣ ಕೊಲ್ಲಿ ಇತ್ತು.

ತಿರುಗಿದ ತಕ್ಷಣ ಲೋಕವೇ ಬದಲಾಯಿತು. ಸದ್ದಿಲ್ಲ, ನೀರು ಹಾರಲ್ಲ, ಬಿಸಿಲು ಬೆಚ್ಚಗೆ. ಗಾಳಿಯೇ ಬಿದ್ದುಹೋಯಿತೇನೋ ಅನ್ನಿಸಿತು. "ಅಕ್ಕಾ, ರೀಫ್ ಬಿಚ್ಚಲಾ?" ಅಂದೆ. "ಹಿಂದೆ ನೋಡೋ" ಅಂದಳು. ಹಿಂದೆ ಅಲೆಗಳ ನೆತ್ತಿ ಹಾಗೇ ಬೆಳ್ಳಗಿದ್ದವು. ಇಪ್ಪತ್ತು ನಾಟ್ ಗಾಳಿಯ ಜೊತೆ ಐದು ನಾಟ್‌ನಲ್ಲಿ ಓಡಿದರೆ ಮುಖಕ್ಕೆ ತಾಗೋದು ಹದಿನೈದೇ. ಎದುರು ಹೋಗುವಾಗ ಅದೇ ಗಾಳಿ ಇಪ್ಪತ್ತನಾಲ್ಕಾಗಿ ಹೊಡೆಯುತ್ತದೆ. ಬೆನ್ನಗಾಳಿಯಲ್ಲಿ ಬೂಮ್ ತಾನಾಗಿ ಈ ಕಡೆಯಿಂದ ಆ ಕಡೆಗೆ ಬೀಸಿದರೆ ಅಡ್ಡ ಸಿಕ್ಕ ತಲೆ ಉಳಿಯಲ್ಲ. ಅದಕ್ಕೊಂದು ಹಗ್ಗ ಬಿಗಿದು ಮುಂದಕ್ಕೆ ಕಟ್ಟಿದೆ. ಗಂಟನ್ನು ಎರಡು ಸಲ ನೋಡಿದೆ.

ಕೊಲ್ಲಿಯೊಳಗೆ ಹಾಯಿಯಲ್ಲೇ ಹೋಗಿ, ಗಾಳಿಗೆ ಮುಖ ಮಾಡಿ ನಿಲ್ಲಿಸಿ, ನಾಲ್ಕು ಮೀಟರ್ ನೀರಿನಲ್ಲಿ ಲಂಗರು ಬಿಟ್ಟೆವು. ಉಬ್ಬರಕ್ಕೆ ಎರಡು ಮೀಟರ್ ಏರುವ ಲೆಕ್ಕ ಹಿಡಿದು ಲಂಗರಿನ ಹಗ್ಗ 35 ಮೀಟರ್, ಅಂದರೆ ಆಳದ ಹತ್ತಿರ ಹತ್ತಿರ ಆರು ಪಟ್ಟು, ಬಿಟ್ಟೆವು. ನೀರು ಅಲ್ಲಿ ಅಲುಗುತ್ತಲೇ ಇರಲಿಲ್ಲ. ಗರಗಸದ ಹಲ್ಲಿನ ಚಾಕು ಹಿಡಿದು ಇಳಿದೆ. ಹಗ್ಗ ಏಳು ಸುತ್ತು ಸುತ್ತಿತ್ತು. ತಿಕ್ಕಾಟದ ಬಿಸಿಗೆ ಒಳಗಿನ ಎರಡು ಸುತ್ತು ಕರಗಿ ಗಟ್ಟಿ ಪ್ಲಾಸ್ಟಿಕ್ ಬಳೆಯಾಗಿ ಕೂತಿತ್ತು. ಉಸಿರು ಕಟ್ಟಿ ಇಳಿಯೋದು, ನಾಲ್ಕು ಸಲ ಕೊಯ್ಯೋದು, ಮೇಲೆ ಬರೋದು. ಮುಗಿಯುವಾಗ ಬೆಳಕು ಕಮ್ಮಿಯಾಗಿತ್ತು. ಆ ಪ್ಲಾಸ್ಟಿಕ್ ಬಳೆಯನ್ನು ಮೇಲಕ್ಕೆ ತಂದು ಅಕ್ಕನ ಕೈಗೆ ಕೊಟ್ಟೆ. ತಿರುಗಿಸಿ ನೋಡಿ, ನನ್ನ ಮಣಿಕಟ್ಟಿಗೆ ಹಿಡಿದು ಅಳತೆ ನೋಡಿದಳು. "ಚಿಕ್ಕದಾಯ್ತು" ಅಂದಳು. ಇಡೀ ದಿನದಲ್ಲಿ ಆ ವಿಷಯಕ್ಕೆ ಅವಳು ಆಡಿದ್ದು ಅದೊಂದೇ ಮಾತು.

ಬೆಳಗಿನ ಜಾವ ನಾಲ್ಕೂವರೆಗೆ ನೆಲಗಾಳಿ ಮತ್ತೆ ಶುರುವಾಗಿತ್ತು. ಟಾರ್ಚ್ ಹಿಡಿದು ದೋಣಿಯ ಎರಡೂ ಕಡೆ ಬಗ್ಗಿ ನೋಡಿ ಬಂದೆ. ಅಕ್ಕ ಕೀ ನನ್ನ ಕೈಗೆ ಕೊಟ್ಟಳು. ಲಂಗರು ಎತ್ತಿ, ಕೊಲ್ಲಿ ದಾಟಿ, ಹಾಯಿ ಏರಿಸಿದ ಮೇಲೆ ಅವಳು ಮಲಗೋಕೆ ಒಳಗೆ ಹೋದಳು.

ಆರೂವರೆಗೆ ಲೈಟ್‌ಹೌಸ್ ಪಕ್ಕಕ್ಕೆ ಬಂತು. ಸೆಳೆತ ಆಗಷ್ಟೇ ನಮ್ಮ ಕಡೆ ತಿರುಗಿತ್ತು. ಅದೇ ಬಂಡೆ, ಅದೇ ಬಿಳಿ ಕಲೆ. ಕಾಲು ಗಂಟೆಯಲ್ಲಿ ಹಿಂದಕ್ಕೆ ಹೋಯಿತು. ಹಗ್ಗ ಮುಟ್ಟುವ ಕೆಲಸವೂ ಬೀಳಲಿಲ್ಲ.

"ಎಲ್ಲಿದ್ದೀವೋ?" ಒಳಗಿಂದ ಅಕ್ಕನ ನಿದ್ದೆಗಣ್ಣಿನ ದನಿ.

"ಮೂಗು ದಾಟಿದ್ವಿ."

"ಹ್ಞೂಂ" ಅಂದು ಮಗ್ಗುಲು ಬದಲಿಸಿದಳು.